ಹೆಸರಿಲ್ಲದ ಐಸಿಯನ್ನು ಗುರುತಿಸುವುದು ಹೇಗೆ?

ಮಿಕ್ಸರಿನ ಒಂದು ಚಾನೆಲ್ ಸತ್ತಿದೆ. ಎಂಟು ಕಾಲಿನ ಪುಟ್ಟ ಐಸಿಯೊಂದು ಮುಟ್ಟಲಾಗದಷ್ಟು ಬಿಸಿ. ಅದರ ಬೆನ್ನ ಮೇಲೆ ಒಂದಕ್ಷರವೂ ಇಲ್ಲ. ಹೀಗಿದ್ದರೂ ಬೋರ್ಡನ್ನು ಮೂಲೆಗೆ ಎಸೆಯಬೇಕಿಲ್ಲ. ಐಸಿಯ ಕೆಲಸವೇನೆಂದು ಅದರ ಸುತ್ತಲಿನ ಸರ್ಕಿಟ್ಟೇ ಹೇಳುತ್ತದೆ.

ಗುರುತು ಏಕಿರುವುದಿಲ್ಲ

ಕೆಲವು ತಯಾರಕರು ವಿನ್ಯಾಸ ನಕಲಾಗದಿರಲೆಂದು ಹೆಸರನ್ನು ಉಜ್ಜಿ ತೆಗೆಯುತ್ತಾರೆ. ತೀರ ಚಿಕ್ಕ ಬಿಡಿಭಾಗಗಳಲ್ಲಿ ಬರೆಯಲು ಜಾಗವೇ ಇರದು. ಸುಮಾರು 2.9 ಮಿ.ಮೀ. ಉದ್ದದ, ಮೂರು ಕಾಲಿನ ಎಸ್‌ಒಟಿ-23ರ ಮೇಲೆ ಎರಡು ಮೂರು ಅಕ್ಷರಗಳ ಸಂಕೇತವಷ್ಟೇ ಇರುತ್ತದೆ: 1ಜಿ ಎಂದರೆ ಬಿಸಿ847ಸಿ ಟ್ರಾನ್ಸಿಸ್ಟರ್, ಎ7 ಎಂದರೆ ಬಿಎವಿ99 ಜೋಡಿ ಡಯೋಡ್. ಒಂದೇ ಸಂಕೇತವನ್ನು ಬೇರೆ ಕಂಪನಿ ಬೇರೆ ಭಾಗಕ್ಕೆ ಬಳಸಿರಬಹುದಾದ್ದರಿಂದ ಅದನ್ನೇ ಪೂರ್ತಿ ನಂಬುವಂತಿಲ್ಲ.

ಮೊದಲ ಕಾಲು ಯಾವುದು

ಮೊದಲ ಕಾಲನ್ನು ತೋರಿಸುವ ಚುಕ್ಕೆಯೂ ಅಳಿಸಿದ್ದರೆ ಐಸಿಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಎಸ್‌ಒ-8 ಐಸಿಗಳಲ್ಲಿ ಸಾಮಾನ್ಯವಾಗಿ ಉದ್ದನೆಯ ಒಂದು ಅಂಚು ಇಳಿಜಾರಾಗಿರುತ್ತದೆ. ಆ ಬದಿಯನ್ನು ನಿಮ್ಮ ಕಡೆಗಿಟ್ಟು ಮೇಲಿನಿಂದ ನೋಡಿದರೆ ಎಡತುದಿಯದೇ ಮೊದಲ ಕಾಲು.

ಸುತ್ತಲಿನ ಸರ್ಕಿಟ್

ಮೊದಲು ಪವರ್ ಕಾಲುಗಳನ್ನು ಹುಡುಕಿ. 8ಕ್ಕೆ ಪ್ಲಸ್, 4ಕ್ಕೆ ಮೈನಸ್ ಅಥವಾ ಗ್ರೌಂಡ್ ಬಂದಿದ್ದು, 1-2 ಹಾಗೂ 6-7ರ ನಡುವೆ ರೆಸಿಸ್ಟರುಗಳಿದ್ದರೆ ಅದು ಬಹುತೇಕ ಜೋಡಿ ಆಪ್-ಆಂಪ್: 4558, ಟಿಎಲ್072, ಎನ್‌ಇ5532ರ ಬಳಗ. ಇಲ್ಲೊಂದು ಎಚ್ಚರಿಕೆ. ಎಲ್‌ಎಂ393 ಕಂಪ್ಯಾರೇಟರಿನ ಕಾಲುಗಳೂ ಇದೇ ಕ್ರಮದಲ್ಲಿವೆ. ಅದರ ಔಟ್‌ಪುಟ್ ಓಪನ್ ಕಲೆಕ್ಟರ್ ಆದ್ದರಿಂದ, ಅಲ್ಲಿಂದ ಪ್ಲಸ್ಸಿಗೆ ಒಂದು ರೆಸಿಸ್ಟರ್ ಹೋಗಿರುವುದು ವಾಡಿಕೆ.

ಪುಟ್ಟ ಸ್ಪೀಕರುಗಳಲ್ಲಿ ಕಾಣುವ 8002 ಆಂಪ್ಲಿಫೈಯರಿನಲ್ಲಿ ಪವರ್ 6ಕ್ಕೆ, ಗ್ರೌಂಡ್ 7ಕ್ಕೆ. 5 ಮತ್ತು 8 ನೇರವಾಗಿ ಸ್ಪೀಕರಿಗೆ ಹೋಗುತ್ತವೆ; ಸ್ಪೀಕರಿನ ಯಾವ ತಂತಿಯೂ ಗ್ರೌಂಡಿಗೆ ಸೇರಿರುವುದಿಲ್ಲ.

ತಂದ ಐಸಿ ಅಸಲಿಯೇ

ಹಳೆಯದನ್ನು ಗುರುತಿಸಿದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಹೊಸದರ ಮೇಲಿನ ಹೆಸರೂ ಸುಳ್ಳಿರಬಹುದು. 5532 ಎಂದು ಕೊಟ್ಟ ಐಸಿಯನ್ನು ಬೋರ್ಡಿಗೆ ಹಾಕುವ ಮೊದಲೇ ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ 2 ಮತ್ತು 3ರ ನಡುವೆ ಅಳೆಯಿರಿ. ಒಳಗೆ ಎದುರುಬದುರಾಗಿ ಡಯೋಡುಗಳಿರುವುದರಿಂದ ಪ್ರೋಬ್ ಅದಲುಬದಲು ಮಾಡಿದರೂ ಸುಮಾರು 0.6 ವೋಲ್ಟ್ ತೋರಿಸಬೇಕು. ಟಿಎಲ್072ರಲ್ಲಿ ಹೀಗೆ ತೋರಿಸುವುದಿಲ್ಲ. ಇಂಥ ಡಯೋಡುಗಳು ಬೇರೆ ಕೆಲವು ಆಪ್-ಆಂಪುಗಳಲ್ಲೂ ಇರುವುದರಿಂದ ಕರೆಂಟನ್ನೂ ಅಳೆಯುವುದು ಒಳ್ಳೆಯದು. ಸಿಗ್ನಲ್ ಇಲ್ಲದಾಗ 5532 ಸುಮಾರು 8 ಮಿಲಿಆಂಪ್ ಎಳೆದರೆ, ಟಿಎಲ್072 ಮತ್ತು 4558 ಮೂರರ ಆಸುಪಾಸಿನಲ್ಲಿರುತ್ತವೆ.

ಕೂರಿಸಿದ ಮೇಲೆ

ಕರೆಂಟ್ ಮಿತಿ ಇಟ್ಟ ಪವರ್ ಸಪ್ಲೈನಿಂದಲೇ ಮೊದಲ ಬಾರಿ ಆನ್ ಮಾಡಿ. ಪ್ಲಸ್-ಮೈನಸ್ ಎರಡೂ ಇರುವ ಆಡಿಯೋ ಸರ್ಕಿಟ್ಟಿನಲ್ಲಿ ಆಪ್-ಆಂಪಿನ ಔಟ್‌ಪುಟ್ ಡಿಸಿ ಸೊನ್ನೆಯ ಹತ್ತಿರ, ಒಂದೇ ಸಪ್ಲೈ ಇದ್ದಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟು ಇರಬೇಕು. ಯಾವುದಾದರೂ ಒಂದು ತುದಿಗೆ ಅಂಟಿಕೊಂಡಿದ್ದರೆ ತಕ್ಷಣ ಆಫ್ ಮಾಡಿ, ಕಾಲುಗಳ ಕ್ರಮವನ್ನು ಮತ್ತೊಮ್ಮೆ ನೋಡಿ.