ಹಳೆ ಕಂಪ್ಯೂಟರ್‌ನಲ್ಲಿ ಯುಎಸ್‌ಬಿ ಕೆಲಸ ಮಾಡುತ್ತಿಲ್ಲವೇ? ಫಾರ್ಮ್ಯಾಟ್ ಮಾಡುವ ಮುನ್ನ ಇದನ್ನು ಓದಿ

ಪೆನ್‌ಡ್ರೈವ್ ಸಿಕ್ಕಿಸಿದಾಗ ಸದ್ದೇನೋ ಬರುತ್ತದೆ, ಪರದೆಯ ಮೇಲೆ ಮಾತ್ರ ಏನೂ ಕಾಣುವುದಿಲ್ಲ. ನಿನ್ನೆಯವರೆಗೆ ಚೆನ್ನಾಗಿದ್ದ ಪ್ರಿಂಟರ್ ಇಂದು 'ಅನ್‌ನೋನ್ ಡಿವೈಸ್' ಆಗಿಬಿಟ್ಟಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಮೂರು: 'ಫಾರ್ಮ್ಯಾಟ್ ಮಾಡಿ', 'ಈ ಲಿಂಕ್‌ನಿಂದ ಎಲ್ಲ ಡ್ರೈವರ್ ಡೌನ್‌ಲೋಡ್ ಮಾಡಿ', 'ಪೋರ್ಟ್ ಹೋಗಿದೆ, ಹೊಸ ಕಂಪ್ಯೂಟರ್ ತಗೊಳ್ಳಿ'. ಮೊದಲನೆಯದು ನಿಮ್ಮ ಫೋಟೊ, ದಾಖಲೆಗಳನ್ನು ಅಳಿಸಬಹುದು. ಎರಡನೆಯದು ವೈರಸ್ ತರಬಹುದು. ಮೂರನೆಯದರಿಂದ ಜೇಬು ಖಾಲಿ.

ನಿಜ ಏನೆಂದರೆ, ಹಳೆ ಕಂಪ್ಯೂಟರ್‌ನಲ್ಲಿ ಯುಎಸ್‌ಬಿ ಕೈಕೊಟ್ಟ ಮಾತ್ರಕ್ಕೆ ಏನೋ ಸುಟ್ಟುಹೋಗಿದೆ ಎಂದಲ್ಲ. ಎಷ್ಟೋ ಸಲ ಅದು ಡ್ರೈವರ್‌ಗಳ ಗೊಂದಲ. ಅದನ್ನು ಮನೆಯಲ್ಲೇ, ಖರ್ಚಿಲ್ಲದೆ ಪರೀಕ್ಷಿಸಬಹುದು.

ಡ್ರೈವರ್ ಎಂದರೆ ಏನು?

ಡ್ರೈವರ್ ಒಂದು ಸಣ್ಣ ತಂತ್ರಾಂಶ. ವಿಂಡೋಸ್ ಮತ್ತು ಯುಎಸ್‌ಬಿ ಸಾಧನದ ನಡುವೆ ಅದು ದುಭಾಷಿಯಂತೆ ಕೆಲಸ ಮಾಡುತ್ತದೆ. ನೀವು ಪ್ರಿಂಟರ್ ಅಥವಾ ಸ್ಕ್ಯಾನರ್ ಜೋಡಿಸಿದ ಕೂಡಲೇ ಆ ಸಾಧನ ಎರಡು ಸಂಖ್ಯೆಗಳನ್ನು ಹೇಳುತ್ತದೆ: ಒಂದು ತಯಾರಕರ ಗುರುತು, ಇನ್ನೊಂದು ಆ ಮಾದರಿಯ ಗುರುತು. ಈ ಸಂಖ್ಯೆಗಳಿಗೆ ಹೊಂದುವ ಡ್ರೈವರ್ ಅನ್ನು ವಿಂಡೋಸ್ ತನ್ನ ಸಂಗ್ರಹದಲ್ಲಿ ಹುಡುಕುತ್ತದೆ.

ಹಳೆ ಕಂಪ್ಯೂಟರ್‌ನಲ್ಲಿ ತೊಡಕು ಶುರುವಾಗುವುದು ಇಲ್ಲೇ. ವರ್ಷಗಳಿಂದ ಹಾಕಿ ತೆಗೆದ ಪ್ರಿಂಟರ್, ಡಾಂಗಲ್, ಮೊಬೈಲ್ ಕಂಪನಿಗಳ ತಂತ್ರಾಂಶಗಳ ಅವಶೇಷಗಳು ಒಳಗೆ ಉಳಿದಿರುತ್ತವೆ. ಒಂದೇ ಸಾಧನಕ್ಕೆ ಎರಡು ಡ್ರೈವರ್‌ಗಳಿದ್ದರೆ ವಿಂಡೋಸ್ ತಪ್ಪು ದುಭಾಷಿಯನ್ನು ಆರಿಸಿಕೊಳ್ಳಬಹುದು.

ಇದು ದೊಡ್ಡವರನ್ನೂ ಬಿಟ್ಟಿಲ್ಲ. 1998ರ ಏಪ್ರಿಲ್‌ನಲ್ಲಿ ಅಮೆರಿಕದ ಷಿಕಾಗೊದಲ್ಲಿ ನಡೆದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 98 ಅನ್ನು ತೋರಿಸುತ್ತಿತ್ತು. ಬಿಲ್ ಗೇಟ್ಸ್ ವೇದಿಕೆಯಲ್ಲಿದ್ದಾಗಲೇ ಅವರ ಸಹೋದ್ಯೋಗಿ ಯುಎಸ್‌ಬಿ ಸ್ಕ್ಯಾನರ್ ಒಂದನ್ನು ಜೋಡಿಸಿದರು. ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಂತೇಹೋಯಿತು. ಇದನ್ನು ಇನ್ನೂ ಮಾರುಕಟ್ಟೆಗೆ ಬಿಡದಿರುವುದು ಇದಕ್ಕೇ ಎಂಬರ್ಥದಲ್ಲಿ ಗೇಟ್ಸ್ ನಗೆಚಾಟಿಕೆ ಹಾರಿಸಿದರು.

ಮೊದಲ ಪರೀಕ್ಷೆ: ತಪ್ಪು ಯಾರದು?

ಡ್ರೈವರ್‌ಗೆ ಕೈ ಹಾಕುವ ಮೊದಲು ಐದು ನಿಮಿಷ ಇವನ್ನು ನೋಡಿ.

1. ಸಾಧನವನ್ನು ಬೇರೊಂದು ಕಂಪ್ಯೂಟರ್‌ಗೆ ಜೋಡಿಸಿ. ಅಲ್ಲಿ ನಡೆದರೆ ಸಾಧನ ಸರಿಯಿದೆ. ತೊಂದರೆ ಹಳೆ ಕಂಪ್ಯೂಟರ್‌ನದು.

2. ಪೋರ್ಟ್ ಬದಲಿಸಿ. ಡೆಸ್ಕ್‌ಟಾಪ್ ಆದರೆ ಹಿಂಭಾಗದ ಪೋರ್ಟ್ ಬಳಸಿ. ಅದು ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ನಡುವೆ ಹಬ್ ಇದ್ದರೆ ತೆಗೆಯಿರಿ. ಯುಎಸ್‌ಬಿ 2.0 ಪೋರ್ಟ್ ಸಾಧನಕ್ಕೆ ಕೊಡಬೇಕಾದ ವಿದ್ಯುತ್ತಿನ ಮಿತಿ 500 ಮಿಲಿಆಂಪಿಯರ್, 3.0 ಪೋರ್ಟ್‌ನದು 900. ಹಾರ್ಡ್ ಡಿಸ್ಕ್‌ನಂಥ ಸಾಧನಕ್ಕೆ ಹಳೆ ಪೋರ್ಟ್‌ನ ವಿದ್ಯುತ್ ಸಾಲದೇ ಹೋಗಬಹುದು.

3. ಕೇಬಲ್ ಬದಲಿಸಿ. ಮೊಬೈಲ್ ಬರೀ ಚಾರ್ಜ್ ಆಗುತ್ತಿದ್ದರೆ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇಲ್ಲದಿರಬಹುದು. ಫೋನಿನ ನೋಟಿಫಿಕೇಶನ್‌ನಲ್ಲಿ 'ಫೈಲ್ ಟ್ರಾನ್ಸ್‌ಫರ್' ಆಯ್ಕೆ ಮಾಡಿದ್ದೀರಾ ಎಂದೂ ನೋಡಿ.

4. ಕಂಪ್ಯೂಟರ್ ಅನ್ನು 'ರೀಸ್ಟಾರ್ಟ್' ಮಾಡಿ. ವಿಂಡೋಸ್ 8 ಮತ್ತು 10ರಲ್ಲಿ 'ಫಾಸ್ಟ್ ಸ್ಟಾರ್ಟಪ್' ಚಾಲೂ ಇದ್ದರೆ 'ಶಟ್ ಡೌನ್' ಮಾಡಿದಾಗ ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮುಂದಿನ ಸಲ ಹಾಗೆಯೇ ಮರಳುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ.

ಇನ್ನೊಂದು ಸುಳಿವು: ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಮೊದಲೇ ಇರುವುದಿಲ್ಲ. ವಿಂಡೋಸ್ 8ರಿಂದ ಅದು ಸೇರಿತು. ಹೀಗಾಗಿ ಕಪ್ಪು ಪೋರ್ಟ್‌ನಲ್ಲಿ ನಡೆಯುವ ಪೆನ್‌ಡ್ರೈವ್ ನೀಲಿ ಪೋರ್ಟ್‌ನಲ್ಲಿ ನಡೆಯದಿದ್ದರೆ, ಪೋರ್ಟ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಕರ ಯುಎಸ್‌ಬಿ 3.0 ಡ್ರೈವರ್ ಹಾಕಬೇಕಿರಬಹುದು.

ಹಳದಿ ಗುರುತು ಏನು ಹೇಳುತ್ತದೆ?

'ಕಂಪ್ಯೂಟರ್' ಅಥವಾ 'ದಿಸ್ ಪಿಸಿ' ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಮ್ಯಾನೇಜ್' ಒತ್ತಿ, 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಹಳದಿ ಗುರುತಿರುವ ಸಾಧನದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಂದು ಕೋಡ್ ಕಾಣುತ್ತದೆ.

- ಕೋಡ್ 28: ಡ್ರೈವರ್ ಹಾಕಿಯೇ ಇಲ್ಲ.
- ಕೋಡ್ 10: ಸಾಧನ ಶುರುವಾಗುತ್ತಿಲ್ಲ. ಹೊಂದದ ಡ್ರೈವರ್ ಇದ್ದರೂ ಹೀಗಾಗುತ್ತದೆ.
- ಕೋಡ್ 39: ಡ್ರೈವರ್ ಫೈಲ್ ಕೆಟ್ಟಿದೆ ಅಥವಾ ಕಾಣೆಯಾಗಿದೆ.
- ಕೋಡ್ 52: ಡ್ರೈವರ್‌ನ ಡಿಜಿಟಲ್ ಸಹಿ ದೃಢಪಟ್ಟಿಲ್ಲ. ಅಪ್‌ಡೇಟ್ ಕಾಣದ ವಿಂಡೋಸ್ 7ರಲ್ಲಿ ಹೊಸ ಡ್ರೈವರ್ ಹಾಕಿದಾಗಲೂ ಬರಬಹುದು.
- ಕೋಡ್ 43: ಸಾಧನವೇ ತೊಂದರೆ ಇದೆ ಎಂದು ತಿಳಿಸಿದೆ. ಬೇರೆ ಕಂಪ್ಯೂಟರ್‌ನಲ್ಲೂ ಇದೇ ಬಂದರೆ ಸಾಧನ ಅಥವಾ ಕೇಬಲ್ ಮೇಲೆ ಅನುಮಾನಪಡಿ.

ಡ್ರೈವರ್ ಗೊಂದಲ ಬಿಡಿಸುವುದು ಹೇಗೆ?

ಮೊದಲು ಮುಖ್ಯ ಫೈಲ್‌ಗಳನ್ನು ಬೇರೆಡೆ ನಕಲು ಮಾಡಿ, ಒಂದು 'ರಿಸ್ಟೋರ್ ಪಾಯಿಂಟ್' ಮಾಡಿಟ್ಟುಕೊಳ್ಳಿ.

ತೊಂದರೆ ಇತ್ತೀಚಿನ ಅಪ್‌ಡೇಟ್ ನಂತರ ಶುರುವಾಗಿದ್ದರೆ, ಸಾಧನದ 'ಡ್ರೈವರ್' ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಹಿಂದಿನ ಡ್ರೈವರ್ ಮರಳುತ್ತದೆ.

ಅದು ಫಲಿಸದಿದ್ದರೆ 'ಅನ್‌ಇನ್‌ಸ್ಟಾಲ್' ಆಯ್ದುಕೊಳ್ಳಿ. ಡ್ರೈವರ್ ತಂತ್ರಾಂಶವನ್ನೂ ಅಳಿಸಬೇಕೇ ಎಂಬ ಚೌಕ ಕಂಡರೆ ಟಿಕ್ ಮಾಡಿ. ಇಲ್ಲದಿದ್ದರೆ ಅದೇ ಹಳೆ ಡ್ರೈವರ್ ಮತ್ತೆ ಬಂದು ಕೂರುತ್ತದೆ. ವಿಂಡೋಸ್ 10ರಲ್ಲಿ 'ವ್ಯೂ' ಮೆನುವಿನ 'ಶೋ ಹಿಡನ್ ಡಿವೈಸಸ್' ಒತ್ತಿದರೆ ಈಗ ಜೋಡಿಸದೇ ಇರುವ ಹಳೆ ಸಾಧನಗಳು ಮಸುಕಾಗಿ ಕಾಣುತ್ತವೆ. ಅದೇ ಪ್ರಿಂಟರಿನ ಹಳೆ ನಮೂದು ಅಲ್ಲಿದ್ದರೆ ಅದನ್ನೂ ತೆಗೆಯಿರಿ. ಏನೆಂದು ಗೊತ್ತಿಲ್ಲದ್ದನ್ನು ಮುಟ್ಟಬೇಡಿ.

ಎಲ್ಲ ಯುಎಸ್‌ಬಿ ಕಂಟ್ರೋಲರ್‌ಗಳನ್ನೂ ಒಮ್ಮೆಗೇ ಅಳಿಸಿ ಎನ್ನುವ ಸಲಹೆಯೂ ಓಡಾಡುತ್ತದೆ. ನಿಮ್ಮ ಕೀಬೋರ್ಡ್, ಮೌಸ್ ಎರಡೂ ಯುಎಸ್‌ಬಿಯದಾಗಿದ್ದರೆ ಆ ಕ್ಷಣವೇ ಅವು ನಿಲ್ಲುತ್ತವೆ. ಗುರುತಿರುವ ಒಂದನ್ನೇ ತೆಗೆದು ನೋಡಿ.

ಬಳಿಕ ಕೇಬಲ್ ಕಳಚಿ, ರೀಸ್ಟಾರ್ಟ್ ಮಾಡಿ, ತಯಾರಕರ ಜಾಲತಾಣದಿಂದ ನಿಮ್ಮ ಮಾದರಿ ಮತ್ತು ನಿಮ್ಮ ವಿಂಡೋಸ್ ಆವೃತ್ತಿಯ ಡ್ರೈವರ್ ಹಾಕಿ. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಅನೇಕ ಹಳೆ ಪ್ರಿಂಟರ್‌ಗಳಿಗೆ ಮೊದಲು ತಂತ್ರಾಂಶ ಹಾಕಿ, ಅದು ಕೇಳಿದಾಗಲೇ ಕೇಬಲ್ ಜೋಡಿಸಬೇಕು.

'ಹೊಸ ಡ್ರೈವರ್ ಯಾವಾಗಲೂ ಒಳ್ಳೆಯದು' ನಿಜವೇ?

ಯಾವಾಗಲೂ ಅಲ್ಲ. 2014ರಲ್ಲಿ ಎಫ್‌ಟಿಡಿಐ ಎಂಬ ಚಿಪ್ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂತು. ಆ ಕಂಪನಿಯ ಚಿಪ್‌ನ ನಕಲುಗಳಿದ್ದ ಕೇಬಲ್‌ಗಳ ಗುರುತು ಸಂಖ್ಯೆಯನ್ನು ಅದು ಸೊನ್ನೆಗೆ ಬದಲಿಸಿತು. ನಕಲಿ ಎಂದು ತಿಳಿಯದೆ ಕೊಂಡವರ ಸಾಧನಗಳೂ ನಿಂತವು. ಟೀಕೆಯ ನಂತರ ಆ ಡ್ರೈವರ್ ಅನ್ನು ಹಿಂತೆಗೆದುಕೊಳ್ಳಲಾಯಿತು. ಹಳೆ ಸಾಧನ ಸರಿಯಾಗಿ ನಡೆಯುತ್ತಿದ್ದರೆ ಅದರ ಡ್ರೈವರ್ ಬದಲಿಸುವ ತುರ್ತು ಸಾಮಾನ್ಯವಾಗಿ ಇರುವುದಿಲ್ಲ.

ಹಾಗೆಂದು ಭದ್ರತೆಯ ಅಪ್‌ಡೇಟ್‌ಗಳನ್ನು ಬಿಡುವಂತಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂಥ ಕಂಪ್ಯೂಟರ್‌ನಲ್ಲಿ ಫಾರ್ವರ್ಡ್ ಆಗಿ ಬಂದ ಡ್ರೈವರ್ ಲಿಂಕ್ ಒತ್ತುವುದು ಇನ್ನಷ್ಟು ಅಪಾಯ. ಡ್ರೈವರ್‌ಗೆ ವ್ಯವಸ್ಥೆಯ ಒಳಗಿನವರೆಗೂ ಪ್ರವೇಶವಿರುತ್ತದೆ. ಅದರ ವೇಷದಲ್ಲಿ ಬಂದ ವೈರಸ್‌ಗೂ ನಾವೇ ಬಾಗಿಲು ತೆರೆದಂತೆ.

'ಫಾರ್ಮ್ಯಾಟ್ ಮಾಡಬೇಕೇ?' ಎಂದು ಕೇಳಿದರೆ

'ಕ್ಯಾನ್ಸಲ್' ಒತ್ತಿ. ಡಿಸ್ಕ್ ಓದಲು ಆಗದಿದ್ದಾಗ ವಿಂಡೋಸ್ ಈ ಪ್ರಶ್ನೆ ಕೇಳುತ್ತದೆ. ಒಳಗಿನ ಫೈಲ್‌ಗಳು ಹೋಗಿವೆ ಎಂದು ಅದರ ಅರ್ಥವಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ತಕ್ಷಣ ನಕಲು ಮಾಡಿಕೊಳ್ಳಿ. ಎಲ್ಲೂ ತೆರೆಯದಿದ್ದರೆ, ಅಥವಾ ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಪದೇಪದೇ ಪ್ರಯತ್ನಿಸದೆ ಡೇಟಾ ಮರಳಿ ತೆಗೆಯುವ ಅನುಭವಿಗಳಿಗೆ ಕೊಡಿ.

ಗುಂಪಿಗೆ ಕಳಿಸುವುದಾದರೆ ಇಷ್ಟು ಸಾಕು: ಮೊದಲು ಬೇರೆ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ. ಡ್ರೈವರ್ ತಯಾರಕರಿಂದ ಮಾತ್ರ ಪಡೆಯಿರಿ. ಫೈಲ್‌ಗಳು ಕೈಗೆ ಸಿಗುವವರೆಗೆ ಫಾರ್ಮ್ಯಾಟ್ ಬೇಡ.