ಹೆಸರೂ ಅರಿವೆಯೂ

ಹಿಂದಿನವರು ಏನನ್ನು ಉಟ್ಟರು, ಏನನ್ನು ಹೊದೆದರು ಎಂಬುದನ್ನು ತಿಳಿಯುವುದಕ್ಕೆ ಮನೆಯ ಹಳೆಯ ಸೊತ್ತಿನ ಪಟ್ಟಿಗಳು ಒಳ್ಳೆಯ ಸಾಧನ. ಇಂಗ್ಲೆಂಡಿನಲ್ಲಿ ಇಂತಹ ಪಟ್ಟಿಗಳು ವಿಪುಲವಾಗಿ ದೊರೆಯುವುವು. ಮೃತರ ಸೊತ್ತಿನ ವಿವರವನ್ನು ಬರೆದು ಒಪ್ಪಿಸತಕ್ಕದ್ದೆಂದು ಅಲ್ಲಿ 1529ರಲ್ಲಿಯೇ ಶಾಸನವಾಗಿತ್ತು. ಆದರೆ ಪಟ್ಟಿಯಲ್ಲಿ ಉಳಿದಿರುವುದು ಅರಿವೆಯ ಹೆಸರು ಮಾತ್ರ; ಅರಿವೆಯು ಎಂದೋ ಹರಿದು ಚಿಂದಿಯಾಯಿತು.

ಹೆಸರೊಂದನ್ನೇ ನಂಬಿದವನು ಮೋಸಹೋಗುವನು. ‘ಕಾಟನ್’ ಎಂದೊಡನೆ ನಾವು ಹತ್ತಿಯೆಂದು ಭಾವಿಸುವೆವು. ಆದರೆ ಉಣ್ಣೆಬಟ್ಟೆಗಳ ಉದ್ದ, ಅಗಲ, ತೂಕಗಳನ್ನು ಗೊತ್ತುಪಡಿಸಿದ 1552ರ ಆಂಗ್ಲ ಶಾಸನದಲ್ಲಿ ಮ್ಯಾಂಚೆಸ್ಟರಿನ ‘ಕಾಟನ್’ಗಳೂ ಸೇರಿವೆ, ಅವು ಉಣ್ಣೆಯವು. ‘ಸ್ಕಾರ್ಲೆಟ್’ ಎಂಬುದು ಮೊದಲು ಬೆಲೆಬಾಳುವ ಉಣ್ಣೆಬಟ್ಟೆಯ ಹೆಸರು. ಬಣ್ಣದ ಹೆಸರಾದುದು ಅನಂತರ. ‘ಮಸ್ಲಿನ್’ ಎಂಬ ಶಬ್ದವು ಮೋಸೂಲ್ ನಗರದಿಂದ ಬಂದುದು. ಆದರೂ ಆ ಹೆಸರಿಗೆ ಕೀರ್ತಿ ತಂದುದು ಢಾಕೆಯ ನವಿರಾದ ಹತ್ತಿಯ ನೆಯ್ಗೆ. ಆದುದರಿಂದ ಪಟ್ಟಿಯನ್ನು ಓದುವವನು ಹೆಸರಿನೊಡನೆ ವರ್ಷ, ಬೆಲೆ, ಅಳತೆಗಳನ್ನೂ ಒರೆಹಚ್ಚಿ ನೋಡಬೇಕು.

ಹೆಸರೂ ಅರಿವೆಯೂ ಜೊತೆಯಾಗಿ ಉಳಿದಿರುವ ಸ್ಥಳವೊಂದುಂಟು. ಅದು ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಶಿಶುಪಾಲನಾಲಯದ ದಾಖಲೆ. ಸಾಕಲಾರದ ತಾಯಂದಿರು 1741ರಿಂದ 1760ರವರೆಗೆ ಅಲ್ಲಿ 16,282 ಶಿಶುಗಳನ್ನು ಒಪ್ಪಿಸಿದರು. ಮುಂದೆ ಗುರುತಿಸಲೆಂದು ಮಗುವಿನ ಉಡುಪಿನಿಂದ ಕತ್ತರಿಸಿದ, ಇಲ್ಲವೆ ತಾಯಿಯೇ ಕೊಟ್ಟ, ಬಟ್ಟೆಯ ತುಂಡನ್ನು ಕಾಗದಕ್ಕೆ ಚುಚ್ಚಿಡುತ್ತಿದ್ದರು. ಹೀಗೆ ಸುಮಾರು 5,000 ತುಂಡುಗಳು ಉಳಿದು ಬಂದಿವೆ. ಕೆಲವು ತುಂಡುಗಳ ವಿಷಯದಲ್ಲಿ ಗುಮಾಸ್ತನು ಹೆಸರನ್ನೂ ಬರೆದಿರುವನು: ಕ್ಯಾಮ್ಲೆಟ್, ಫಸ್ಟಿಯನ್, ಸೂಸಿ, ಚೆರಿಡೆರಿ. ಕಡೆಯ ಎರಡು ಭಾರತದ ಬಟ್ಟೆಗಳೊಡನೆ ಹಡಗೇರಿ ಹೋದ ಹೆಸರುಗಳು. ಪಟ್ಟಿಗಳಲ್ಲಿ ಬರಿಯ ಶಬ್ದವಾಗಿದ್ದುದು ಇಲ್ಲಿ ನೂಲಾಗಿ, ಬಣ್ಣವಾಗಿ, ಗೆರೆಯಾಗಿ ಕಣ್ಣಿಗೆ ಕಾಣುವುದು. ಅದೂ ಬಡವರ ಮೈಮೇಲಿನ ಬಟ್ಟೆ.

ಆಲಯವನ್ನು ಸೇರಿದ ಶಿಶುವಿಗೆ ಬೇರೆ ಹೆಸರನ್ನಿಡುತ್ತಿದ್ದರು. ತಾಯಿಯು ತಿರುಗಿ ಬಂದರೆ ಇಟ್ಟ ಹೆಸರಿನಿಂದ ಮಗುವನ್ನು ಕೇಳುವಂತಿರಲಿಲ್ಲ. ಆ ತುಂಡೇ ಗುರುತು. ಹಾಗೆ ಮರಳಿ ತಾಯ್ತಂದೆಯರನ್ನು ಸೇರಿದ ಮಕ್ಕಳು 152 ಮಾತ್ರ. ಉಳಿದ ಸಾವಿರಾರು ತುಂಡುಗಳನ್ನು ಕೇಳುವುದಕ್ಕೆ ಯಾರೂ ಬರಲಿಲ್ಲ. ಅರಿವೆಗಳ ಹೆಸರನ್ನು ಸರಿಯಾಗಿ ಗುರುತಿಸಲು ಇಂದು ನಮಗೆ ನೆರವಾಗುತ್ತಿರುವುವು ಅವೇ ಅಲ್ಲವೆ?