ಬಾಯಿಮಾತಿನ ಗೇಣಿಗೆ ಸಾಕ್ಷಿ ಯಾರು?

ಮಲೆನಾಡು ಮತ್ತು ಕರಾವಳಿಯ ಹಳ್ಳಿಗಳಲ್ಲಿ ಒಡೆಯ ಹಾಗೂ ಒಕ್ಕಲಿನ ನಡುವಿನ ಕರಾರು ತಲೆಮಾರುಗಳ ಕಾಲ ಬಹುಮಟ್ಟಿಗೆ ಬಾಯಿಮಾತಿನಲ್ಲೇ ನಡೆಯಿತು. ದಕ್ಷಿಣ ಕನ್ನಡದ ಮೂಲಗೇಣಿದಾರನ ಕೈಯಲ್ಲಿ ಸಾಮಾನ್ಯವಾಗಿ ಪತ್ರವಿರುತ್ತಿತ್ತು. ಅವನ ಗೇಣಿ ನಿಗದಿಯಾಗಿದ್ದು, ಹಕ್ಕು ಮಕ್ಕಳು ಮೊಮ್ಮಕ್ಕಳಿಗೂ ಬರುತ್ತಿತ್ತು. ಚಾಲಗೇಣಿದಾರನ ಸ್ಥಿತಿ ಬೇರೆ. ಅವನದು ವರ್ಷದಿಂದ ವರ್ಷಕ್ಕೆ ಒಡೆಯನ ಮರ್ಜಿಯ ಮೇಲೆ ಮುಂದುವರಿಯುವ ಒಕ್ಕಲುತನ. ಕೊಯ್ಲಾದ ಮೇಲೆ ಗೇಣಿ ಅಳೆದು ಕೊಡುವುದು, ಹಬ್ಬಕ್ಕೆ ಬಾಳೆಗೊನೆಯನ್ನೋ ಸೌತೆಕಾಯಿಯನ್ನೋ ಹೊತ್ತುಕೊಂಡು ಹೋಗುವುದು, ಕರೆದಾಗ ಒಡೆಯನ ಮನೆಯ ಬಿಟ್ಟಿ ಕೆಲಸಕ್ಕೆ ನಿಲ್ಲುವುದು ಅವನ ಕರ್ತವ್ಯ. ಕಂದಾಯ ಕಟ್ಟುವುದು, ಮಳೆಗಾಲದ ಕಷ್ಟಕ್ಕೆ ಭತ್ತವನ್ನು ಸಾಲವಾಗಿ ಕೊಡುವುದು ಒಡೆಯನ ಪಾಲಿಗೆ. ಇದರಲ್ಲಿ ಯಾವುದು ಹಕ್ಕು, ಯಾವುದು ಕೃಪೆ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯದಿರುವುದರ ಲಾಭ ಹೆಚ್ಚಾಗಿ ಸಿಕ್ಕಿದ್ದು ಒಡೆಯನಿಗೇ.

ಕಾನೂನು ಇಂಥ ಗೇಣಿಯನ್ನು ತಳ್ಳಿಹಾಕಿರಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೆ ನೋಂದಾಯಿತ ಪತ್ರ ಬೇಕು. ಆದರೆ ಅದೇ ಕಾಯ್ದೆಯ 117ನೇ ಕಲಮು ಬೇಸಾಯದ ಗುತ್ತಿಗೆಯನ್ನು ಈ ನಿಯಮಗಳಿಂದ ಹೊರಗಿಟ್ಟಿತು. ಹೀಗಾಗಿ ಗದ್ದೆಯ ಗೇಣಿಗೆ ಬಾಯಿಮಾತು ಮತ್ತು ಸ್ವಾಧೀನ ಸಾಕಾಗಿತ್ತು. ತಕರಾರು ಬಂದಾಗ ಆ ಬಾಯಿಮಾತನ್ನು ರುಜುವಾತು ಮಾಡುವುದು ಹೇಗೆಂಬುದೇ ತೊಡಕು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಈ ತೊಡಕು 1951ರಲ್ಲಿ ಬೀದಿಗೆ ಬಂತು. ಗೇಣಿ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ, 3 ಸೇರಿನ ಕೊಳಗದಲ್ಲೇ ಅಳೆಯಬೇಕು ಎಂದು ಗೇಣಿದಾರರಾದ ದೀವರು ಪಟ್ಟುಹಿಡಿದರು. ಕೊಟ್ಟ ಗೇಣಿಗೆ ರಶೀದಿ ಬೇಕೆಂಬುದೂ ಅವರ ಬೇಡಿಕೆಯಾಗಿತ್ತು. ಮೇಲ್ನೋಟಕ್ಕೆ ಇವು ಚಿಕ್ಕ ಬೇಡಿಕೆಗಳು. ಆದರೆ ರಶೀದಿ ಕೊಟ್ಟರೆ ಎದುರಿಗಿರುವವನು ಗೇಣಿದಾರನೆಂದು ಒಪ್ಪಿಕೊಂಡಂತೆ ಎಂಬುದು ಒಡೆಯರಿಗೂ ತಿಳಿದಿತ್ತು. ಗೇಣಿದಾರರನ್ನು ಗದ್ದೆಗೆ ಇಳಿಯದಂತೆ ತಡೆಯಲಾಯಿತು. ಎಚ್. ಗಣಪತಿಯಪ್ಪನವರ ರೈತ ಸಂಘ ಹಾಗೂ ಗೋಪಾಲಗೌಡರ ಮುಂದಾಳುತನದ ಸಮಾಜವಾದಿಗಳು ನಿಷೇಧ ಮೀರಿ ಉಳುವ ಸತ್ಯಾಗ್ರಹ ನಡೆಸಿದರು. ಜೂನ್‌ನಲ್ಲಿ ಅಲ್ಲಿಗೆ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು.

1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಅದರಲ್ಲಿ ವಿನಾಯಿತಿಗಳು ಹೇರಳವಾಗಿದ್ದವು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಚಿತ್ರವನ್ನೇ ಬದಲಿಸಿತು. ಆ ದಿನಕ್ಕೆ ಮೊದಲು ಗೇಣಿದಾರರ ಕೈಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಕೇಳಬಹುದಾಗಿತ್ತು. ಅರ್ಜಿಗೆ ಕೊನೆಯ ದಿನವನ್ನು ಮುಂದೂಡುತ್ತ 1979ರ ಜೂನ್ 30ರವರೆಗೆ ತರಲಾಯಿತು. ಬಂದ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು.

ಕಾಯ್ದೆಯ 4ನೇ ಕಲಮು ಕಾಗದ ಕೇಳಲಿಲ್ಲ. ಬೇರೊಬ್ಬರ ಭೂಮಿಯನ್ನು ನ್ಯಾಯಬದ್ಧವಾಗಿ ಸಾಗುವಳಿ ಮಾಡುತ್ತಿರುವವನನ್ನು ಗೇಣಿದಾರನೆಂದೇ ಭಾವಿಸಬೇಕೆಂದಿತು. ಒಡೆಯನ ಕುಟುಂಬದವರು, ಸಂಬಳದ ಆಳು, ಸ್ವಾಧೀನ ಪಡೆದ ಅಡಮಾನದಾರ ಇದಕ್ಕೆ ಹೊರತು. ಭೂ ನ್ಯಾಯಮಂಡಳಿಗಳ ಮುಂದೆ ಜಗಳ ಸುತ್ತಿದ್ದು ಈ 'ಆಳು' ಎಂಬ ಪದದ ಸುತ್ತಲೇ. "ಇವನು ಗೇಣಿದಾರನಲ್ಲ, ನಮ್ಮ ಕೂಲಿ" ಎಂಬ ಒಂದು ಮಾತು ಸಾಕು, ಮೂರು ತಲೆಮಾರಿನ ಬೇಸಾಯ ಕ್ಷಣದಲ್ಲಿ ಸಂಶಯಕ್ಕೆ ಬೀಳುತ್ತಿತ್ತು. ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಹೆಸರಿದ್ದವನಿಗೆ ಬಲವಿತ್ತು. ಆದರೆ ಹಿಂದೆ ದಾಖಲೆ ಬರೆಯುತ್ತಿದ್ದ ಶ್ಯಾನುಭೋಗರು ಅನೇಕ ಕಡೆ ಒಡೆಯರ ಬಳಗದವರೇ. ಹೆಸರಿಲ್ಲದವನಿಗೆ ಉಳಿದದ್ದು ಅಕ್ಕಪಕ್ಕದ ಗದ್ದೆಯವರ ಸಾಕ್ಷಿ, ಗೇಣಿ ಹೊತ್ತವರ ನೆನಪು, ಎಂದೋ ಸಿಕ್ಕ ಒಂದು ಚೀಟಿ. ಸಾಕ್ಷಿ ಹೇಳಬೇಕಾದವನೂ ಅದೇ ಒಡೆಯನ ಒಕ್ಕಲಾಗಿದ್ದರೆ ಕೇಳುವುದೇ ಬೇಡ.

ಮಂಡಳಿಯ ರಚನೆ ಈ ಕೊರತೆಯನ್ನು ಸ್ವಲ್ಪ ತುಂಬಿತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿ ಗೊತ್ತಿಲ್ಲದ ಒಕ್ಕಲಿಗೆ ಇದು ಧೈರ್ಯ ಕೊಟ್ಟಿರಬೇಕು.

ಸೋತವರ ಸಾಲಿನಲ್ಲಿ ದೊಡ್ಡ ಜಮೀನ್ದಾರರಷ್ಟೇ ಇರಲಿಲ್ಲ. ದುಡಿಯುವ ಗಂಡಸರಿಲ್ಲದೆ ಎರಡೆಕರೆಯನ್ನು ಗೇಣಿಗೆ ಕೊಟ್ಟ ವಿಧವೆಯರೂ ಇದ್ದರು. ಇತ್ತ 1974ಕ್ಕೆ ಮುನ್ನವೇ ಎಬ್ಬಿಸಲ್ಪಟ್ಟು ಅದನ್ನು ಸಾಬೀತುಪಡಿಸಲಾಗದ ಗೇಣಿದಾರನಿಗೂ ಏನೂ ದಕ್ಕಲಿಲ್ಲ.

ಅದೇ ತಿದ್ದುಪಡಿ, ಸೈನಿಕರು ಮತ್ತು ನಾವಿಕರಂಥ ಕೆಲವರ ಭೂಮಿಯ ಹೊರತು, ಹೊಸ ಗೇಣಿಯನ್ನೇ ನಿಷೇಧಿಸಿತು. ಆದರೂ ಉತ್ತರದಲ್ಲಿ ಲಾವಣಿ, ಹಳೆ ಮೈಸೂರಿನಲ್ಲಿ ವಾರ ಎಂಬ ಹೆಸರಿನಲ್ಲಿ ಪದ್ಧತಿ ಉಳಿದುಕೊಂಡಿತು. ಕಾನೂನೇ ಒಪ್ಪದ ಕರಾರನ್ನು ಕಾಗದಕ್ಕೆ ಇಳಿಸಲು ಯಾರೂ ಮುಂದಾಗುವುದಿಲ್ಲ. ಬೆಳೆ ಹಾಳಾದ ವರ್ಷ ಪರಿಹಾರದ ಹಣ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ಬಿತ್ತಿದವನು ಒಡೆಯನ ಮನೆ ಬಾಗಿಲಲ್ಲಿ ನಿಂತು ಕೇಳಬೇಕಾಗುತ್ತದೆ.